ಓಲೆಗರಿಯನ್ನು ಲೋಕಕ್ಕೆ ಬಿಟ್ಟುಕೊಟ್ಟ ಶಾಮಾಶಾಸ್ತ್ರಿಗಳು

ಕೌಟಿಲ್ಯನ ಹೆಸರು ಇಂದು ಎಲ್ಲೆಡೆ ಕೇಳಿಬರುತ್ತದೆ. ಆಯವ್ಯಯದ ಚರ್ಚೆಯಿಂದ ಹಿಡಿದು ಆಡಳಿತ ನಿರ್ವಹಣೆಯ ಪಾಠದವರೆಗೆ ಅವನನ್ನು ಸ್ಮರಿಸದವರು ಕಡಿಮೆ. ಆದರೆ ನೂರಿಪ್ಪತ್ತು ವರ್ಷಗಳ ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. ಅರ್ಥಶಾಸ್ತ್ರವೆಂಬ ಗ್ರಂಥವೊಂದು ಇತ್ತಂತೆ ಎಂಬಷ್ಟು ಮಾತ್ರ ಆಗಿನ ವಿದ್ವಾಂಸರಿಗೆ ಗೊತ್ತಿತ್ತು. ಅದರ ಪೂರ್ಣ ಪಾಠವನ್ನು ಕಂಡವರು ಅವರಲ್ಲಿ ಇರಲಿಲ್ಲ. ಆ ಕೊರತೆಯನ್ನು ನೀಗಿಸಿದವರು ಮೈಸೂರಿನ ಗ್ರಂಥಾಲಯವೊಂದರಲ್ಲಿ ಕೆಲಸಕ್ಕಿದ್ದ ರುದ್ರಪಟ್ಟಣ ಶಾಮಾಶಾಸ್ತ್ರಿಗಳು. ಅವರ ಜೀವನವನ್ನು ಒಬ್ಬ ಪಂಡಿತನ ಪಾಂಡಿತ್ಯದ ಕಥೆಯಾಗಿ ಓದುವುದು ರೂಢಿ. ವಿದ್ಯೆಯ ಸ್ವತ್ತು ಯಾರದು, ಓದುವವನಿಗೂ ಸಂಶೋಧಿಸುವವನಿಗೂ ಅದರ ಮೇಲೆ ಇರುವ ಹಕ್ಕು ಎಷ್ಟು ಎಂಬ ಪ್ರಶ್ನೆಗೆ ಉತ್ತರವಾಗಿಯೂ ಅದನ್ನು ಓದಬಹುದು.

ಶಾಸ್ತ್ರಿಗಳು ಹುಟ್ಟಿದ್ದು 1868ರಲ್ಲಿ, ಕಾವೇರಿ ತೀರದ ರುದ್ರಪಟ್ಟಣದಲ್ಲಿ. ಇಂದು ಆ ಊರು ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿಗೆ ಸೇರಿದೆ. ನೆರೆಯಲ್ಲೇ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರವಿದೆ. ವೇದ, ಶಾಸ್ತ್ರ ಮತ್ತು ಸಂಗೀತಗಳಿಗೆ ಹೆಸರಾದ ಸಂಕೇತಿ ಸಮುದಾಯ ಈ ಎರಡೂ ಊರುಗಳಲ್ಲಿ ತಲೆಮಾರುಗಳಿಂದ ನೆಲೆಸಿದೆ. ಶಾಸ್ತ್ರಿಗಳೂ ಅದೇ ಸಮುದಾಯದವರು. ಜಿಲ್ಲೆಯ ಗಡಿಗೆರೆಗಳನ್ನು ಬದಿಗಿಟ್ಟು ನೋಡಿದರೆ ರುದ್ರಪಟ್ಟಣ, ಬೆಟ್ಟದಪುರ, ಪಿರಿಯಾಪಟ್ಟಣಗಳು ಒಂದೇ ವಿದ್ಯಾವಲಯದ ಊರುಗಳು.

ಈ ವಲಯಕ್ಕೆ ಓಲೆಗರಿ ಹೊಸತಲ್ಲ. ಚೆಂಗಾಳ್ವರು ಆಳಿದ ಈ ಸೀಮೆಯಲ್ಲಿ ಹದಿನಾರನೆಯ ಶತಮಾನದ ಆರಂಭಕ್ಕೆ ಕಲ್ಲಹಳ್ಳಿಯ ಮೂರನೆಯ ಮಂಗರಸನಿದ್ದ. ಜಯನೃಪಕಾವ್ಯವನ್ನು ಬರೆದ ಕೈಯಿಂದಲೇ ಅಡುಗೆಯನ್ನು ಕುರಿತ ಸೂಪಶಾಸ್ತ್ರವನ್ನೂ ಬರೆದವನು ಅವನು. ಚೆಂಗಾಳ್ವ ಮನೆತನಕ್ಕೆ ಸೇರಿದ ನಂಜುಂಡ ಕವಿ ಕುಮಾರರಾಮನ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದ. ಇವರ ಕೃತಿಗಳು ನಮ್ಮವರೆಗೆ ಬಂದದ್ದು ಹೆಸರಿಲ್ಲದ ಲಿಪಿಕಾರರ ಕೃಪೆಯಿಂದ. ಗರಿ ಹಳತಾಗಿ ಪುಡಿಯಾಗುವ ಮೊದಲೇ ಯಾರೋ ಒಬ್ಬರು ಕಂಠ ಹಿಡಿದು ಹೊಸ ಗರಿಯ ಮೇಲೆ ಪ್ರತಿ ಮಾಡಿಕೊಂಡರು. ಪ್ರತಿ ಮಾಡುವುದು ಆ ಕಾಲದಲ್ಲಿ ಪುಣ್ಯದ ಕೆಲಸವೆನಿಸಿತ್ತು. ಪ್ರತಿಯಾಗದ ಕೃತಿ ಕರ್ತೃವಿನ ಹೆಸರಿನೊಂದಿಗೆ ಮಣ್ಣು ಸೇರುತ್ತಿತ್ತು.

ಶಾಸ್ತ್ರಿಗಳು ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಓದಿ ವಿದ್ವತ್ ಪದವಿ ಪಡೆದರು. ಅಷ್ಟಕ್ಕೇ ನಿಲ್ಲದೆ 1889ರಲ್ಲಿ ಮದರಾಸು ವಿಶ್ವವಿದ್ಯಾಲಯದ ಬಿ.ಎ. ಪರೀಕ್ಷೆಯಲ್ಲೂ ತೇರ್ಗಡೆಯಾದರು. ಸಾಂಪ್ರದಾಯಿಕ ಶಾಸ್ತ್ರಪಾಠ ಮತ್ತು ಇಂಗ್ಲಿಷ್ ವಿದ್ಯೆ ಒಬ್ಬರಲ್ಲೇ ಕೂಡಿಬರುವುದು ಆಗ ಅಪರೂಪವಾಗಿತ್ತು. ಮುಂದೆ ಜರ್ಮನ್ ಮತ್ತು ಫ್ರೆಂಚ್ ಭಾಷೆಗಳ ಪರಿಚಯವನ್ನೂ ಅವರು ಮಾಡಿಕೊಂಡರು. ದಿವಾನ ಕೆ. ಶೇಷಾದ್ರಿ ಅಯ್ಯರ್ ಅವರು ಈ ತರುಣನ ಯೋಗ್ಯತೆಯನ್ನು ಗುರುತಿಸಿದ್ದರಿಂದ ಶಾಸ್ತ್ರಿಗಳಿಗೆ ಮೈಸೂರಿನ ಸರ್ಕಾರಿ ಪ್ರಾಚ್ಯ ಗ್ರಂಥಾಲಯದಲ್ಲಿ ಕೆಲಸ ದೊರೆಯಿತು.

ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, 1891ರಲ್ಲಿ ಆರಂಭವಾದ ಈ ಗ್ರಂಥಾಲಯದ ಉದ್ದೇಶ ಸರಳವಾಗಿತ್ತು. ಮಠ, ಅಗ್ರಹಾರ ಮತ್ತು ಮನೆಗಳಲ್ಲಿ ಚದುರಿದ್ದ ಹಸ್ತಪ್ರತಿಗಳನ್ನು ಒಂದೆಡೆ ತರುವುದು, ಅವುಗಳ ಪಟ್ಟಿ ಮಾಡುವುದು, ಯೋಗ್ಯವಾದುವನ್ನು ಸಂಪಾದಿಸಿ ಅಚ್ಚಿಗೆ ಕೊಡುವುದು. ಸಂಸ್ಥಾನದ ಹಣದಲ್ಲಿ ನಡೆದ ಈ ಕೆಲಸದ ಹಿಂದೆ ಒಂದು ದೊಡ್ಡ ನಿಲುವಿತ್ತು. ಮನೆಯ ಸ್ವತ್ತಾಗಿದ್ದ ವಿದ್ಯೆ ಊರಿನ ಸ್ವತ್ತಾಗಬೇಕು ಎಂಬುದು ಆ ನಿಲುವು. ಸರಸ್ವತಿ ಪೂಜೆಯ ದಿನ ಅರಿಸಿನ ಕುಂಕುಮ ಹಚ್ಚಿ ಮತ್ತೆ ಅಟ್ಟಕ್ಕೇರಿಸುತ್ತಿದ್ದ ಕಟ್ಟುಗಳು ಹೀಗೆ ಓದುಗರ ಮೇಜಿಗೆ ಬಂದವು.

ಅಂಥದೊಂದು ಕಟ್ಟನ್ನು ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಾಲಯಕ್ಕೆ ಒಪ್ಪಿಸಿದರು. ಗ್ರಂಥಲಿಪಿಯಲ್ಲಿದ್ದ ಆ ಓಲೆಗರಿಗಳ ಜತೆಗೆ ಭಟ್ಟಸ್ವಾಮಿ ಎಂಬುವನು ಬರೆದ ವ್ಯಾಖ್ಯಾನದ ಅಪೂರ್ಣ ಪ್ರತಿಯೂ ಇತ್ತು. ಶಾಸ್ತ್ರಿಗಳು ತಮ್ಮ ಮುನ್ನುಡಿಯಲ್ಲಿ ಆ ಉಪಕಾರವನ್ನು ಸ್ಮರಿಸಿದ್ದಾರೆ. ಆದರೆ ಉಪಕಾರ ಮಾಡಿದವರನ್ನು ತಂಜಾವೂರಿನ ಪಂಡಿತ ಎಂದಷ್ಟೇ ಗುರುತಿಸಿದ್ದಾರೆ. ಇಪ್ಪತ್ತನೆಯ ಶತಮಾನದ ಬಹುದೊಡ್ಡ ಗ್ರಂಥಶೋಧಕ್ಕೆ ಕಾರಣರಾದವರ ಹೆಸರು ಹೀಗೆ ಇತಿಹಾಸದ ಅಂಚಿನಲ್ಲಿ ಉಳಿದುಹೋಯಿತು. ಅವರು ಕಟ್ಟನ್ನು ಮನೆಯಲ್ಲೇ ಇಟ್ಟುಕೊಂಡಿದ್ದರೆ ತಪ್ಪೆನ್ನುವ ಕಾನೂನು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅವರು ಇಟ್ಟುಕೊಳ್ಳಲಿಲ್ಲ, ಅಷ್ಟೆ.

ಕೈಗೆ ಬಂದದ್ದು ಕೌಟಿಲ್ಯನ ಕೃತಿಯೇ ಎಂದು ಶಾಸ್ತ್ರಿಗಳಿಗೆ ತಿಳಿದದ್ದು ಹೇಗೆ? ಇಲ್ಲಿದೆ ಈ ಕಥೆಯ ಮುಖ್ಯ ತಿರುಳು. ಮೂಲಗ್ರಂಥ ಕಣ್ಮರೆಯಾಗಿದ್ದರೂ ಅದರ ಸುಳಿವುಗಳು ಇತರರ ಬರವಣಿಗೆಯಲ್ಲಿ ಉಳಿದಿದ್ದವು. ಕಾಮಂದಕನು ತನ್ನ ನೀತಿಸಾರದಲ್ಲಿ ವಿಷ್ಣುಗುಪ್ತನಿಗೆ ವಂದಿಸಿ ಅವನ ಶಾಸ್ತ್ರವನ್ನು ಸಂಗ್ರಹಿಸಿದ್ದ. ಮೌರ್ಯನಿಗಾಗಿ ದಂಡನೀತಿಯನ್ನು ಆರು ಸಾವಿರ ಶ್ಲೋಕಗಳಷ್ಟಕ್ಕೆ ಅಡಕಗೊಳಿಸಿದ ಸಂಗತಿಯನ್ನು ದಂಡಿ ದಶಕುಮಾರಚರಿತದಲ್ಲಿ ಹೇಳಿದ್ದ. ಕಾದಂಬರಿಯ ಬಾಣ ಅದೇ ಶಾಸ್ತ್ರವನ್ನು ನಿರ್ದಯವೆಂದು ಖಂಡಿಸಿದ್ದ. ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನ ಬರೆದ ಮಲ್ಲಿನಾಥ ತನ್ನ ಅರ್ಥಕ್ಕೆ ಆಧಾರವಾಗಿ ಅದರ ವಾಕ್ಯಗಳನ್ನು ಎತ್ತಿಕೊಂಡಿದ್ದ. ಶಾಸ್ತ್ರಿಗಳು ಈ ಉಲ್ಲೇಖಗಳನ್ನು ಓಲೆಗರಿಯ ಪಾಠದ ಪಕ್ಕದಲ್ಲಿಟ್ಟು ತಾಳೆ ನೋಡಿದರು. ಹದಿನೈದು ಅಧಿಕರಣಗಳ, ನೂರೈವತ್ತು ಅಧ್ಯಾಯಗಳ ಗ್ರಂಥದ ಗುರುತು ಹತ್ತಿದ್ದು ಹಾಗೆ.

ಒಬ್ಬ ಸಂಗ್ರಹಿಸಿದ, ಒಬ್ಬ ಹೊಗಳಿದ, ಒಬ್ಬ ತೆಗಳಿದ, ಇನ್ನೊಬ್ಬ ಪ್ರಮಾಣವಾಗಿ ಬಳಸಿದ. ಇವರಲ್ಲಿ ಯಾರೂ ಕೌಟಿಲ್ಯನ ವಂಶಸ್ಥರ ಅಪ್ಪಣೆಗಾಗಿ ಕಾದಿರಲಿಲ್ಲ. ಹೀಗೆ ಎತ್ತಿಕೊಳ್ಳುವ ಸ್ವಾತಂತ್ರ್ಯ ಅವರಿಗೆ ಇಲ್ಲದಿದ್ದರೆ ತಂಜಾವೂರಿನಿಂದ ಬಂದ ಗರಿಗಳ ಗುರುತು ಹಿಡಿಯುವುದು ಎಷ್ಟೋ ಕಷ್ಟವಾಗುತ್ತಿತ್ತು. ಇಂದಿನ ಕಾನೂನು ನ್ಯಾಯೋಚಿತ ಬಳಕೆ ಎಂದು ಕರೆಯುವುದು ಈ ಹಳೆಯ ರೂಢಿಯನ್ನೇ. ಉದ್ಧರಣೆಯು ಮೂಲ ಕೃತಿಯಿಂದ ಏನನ್ನೋ ಕದಿಯುತ್ತದೆ ಎಂದು ನಂಬುವವರು ಅರ್ಥಶಾಸ್ತ್ರದ ಈ ಅನುಭವವನ್ನು ನೆನೆಯಬೇಕು. ಮೂಲವೇ ಕಳೆದುಹೋದ ಶತಮಾನಗಳಲ್ಲಿ ಅದನ್ನು ಕಾಯ್ದಿಟ್ಟದ್ದು ಉದ್ಧರಣೆಗಳೇ.

ಮುಂದಿನ ಕೆಲಸ ಸುಲಭದ್ದಾಗಿರಲಿಲ್ಲ. ಆಧಾರಕ್ಕೆ ಇದ್ದದ್ದು ಹೆಚ್ಚುಕಡಿಮೆ ಒಂದೇ ಪ್ರತಿ. ಲಿಪಿಕಾರರ ತಪ್ಪುಗಳು, ಪಾರಿಭಾಷಿಕ ಪದಗಳ ತೊಡಕು, ಬಳಕೆಯಿಂದ ಮರೆಯಾದ ತೂಕ, ಅಳತೆ, ತೆರಿಗೆಗಳ ಹೆಸರುಗಳು ಎದುರಿಗಿದ್ದವು. ಗಣಿ, ಅರಣ್ಯ, ನೇಯ್ಗೆ, ಸುಂಕ, ನ್ಯಾಯಾಲಯ, ಗೂಢಚಾರ ವ್ಯವಸ್ಥೆಗಳವರೆಗೆ ಹಬ್ಬಿದ ಗ್ರಂಥಕ್ಕೆ ನಿಘಂಟು ಕೂಡ ನೆರವಾಗುತ್ತಿರಲಿಲ್ಲ. ಶಾಸ್ತ್ರಿಗಳು ಎಲ್ಲವೂ ಸ್ಪಷ್ಟವಾಗಲಿ ಎಂದು ಕಾಯಲಿಲ್ಲ. ತಿಳಿದಷ್ಟನ್ನು 1905ರಿಂದಲೇ ಇಂಡಿಯನ್ ಆಂಟಿಕ್ವೆರಿ ಮೊದಲಾದ ಪತ್ರಿಕೆಗಳಲ್ಲಿ ಭಾಗಭಾಗವಾಗಿ ಅನುವಾದಿಸಿ ಪ್ರಕಟಿಸತೊಡಗಿದರು. 1909ರಲ್ಲಿ ಸಂಸ್ಕೃತ ಮೂಲವನ್ನು ಗ್ರಂಥಾಲಯದ ಮಾಲೆಯಲ್ಲಿ ಅಚ್ಚು ಹಾಕಿಸಿದರು. ಪೂರ್ಣ ಇಂಗ್ಲಿಷ್ ಅನುವಾದ 1915ರಲ್ಲಿ ಹೊರಬಂತು. ಅದಕ್ಕೆ ಪ್ರಸ್ತಾವನೆ ಬರೆದವರು ಕನ್ನಡ ನಾಡಿನ ಶಾಸನ ಮತ್ತು ಲಾವಣಿಗಳ ಅಧ್ಯಯನದಿಂದ ನಮಗೆ ಪರಿಚಿತರಾದ ಜೆ.ಎಫ್. ಫ್ಲೀಟ್.

ಅಚ್ಚಾದ ಪುಸ್ತಕ ಮೈಸೂರಿನ ಅಂಕೆಯಲ್ಲಿ ಉಳಿಯಲಿಲ್ಲ. ಜರ್ಮನಿಯ ಯೂಲಿಯುಸ್ ಯೋಲಿ ಮತ್ತು ಷ್ಮಿಟ್ ಅವರು ಮ್ಯೂನಿಕ್‌ನಲ್ಲಿದ್ದ ಇನ್ನೊಂದು ಹಸ್ತಪ್ರತಿಯ ಸಹಾಯದಿಂದ ಬೇರೊಂದು ಆವೃತ್ತಿ ತಂದರು. ತಿರುವನಂತಪುರದ ಟಿ. ಗಣಪತಿ ಶಾಸ್ತ್ರಿಗಳು ತಮ್ಮದೇ ಸಂಸ್ಕೃತ ವ್ಯಾಖ್ಯಾನದೊಂದಿಗೆ 1924ರಿಂದ ಮೂರು ಸಂಪುಟಗಳನ್ನು ಪ್ರಕಟಿಸಿದರು. ಜೆ.ಜೆ. ಮೇಯರ್ ಜರ್ಮನ್ ಭಾಷೆಗೆ ಅನುವಾದಿಸಿದರು. ಸ್ವಾತಂತ್ರ್ಯಾನಂತರ ಮುಂಬೈಯ ಆರ್.ಪಿ. ಕಾಂಗ್ಲೆ ಅವರು 1960 ಮತ್ತು 1965ರ ನಡುವೆ ವಿಮರ್ಶಾತ್ಮಕ ಆವೃತ್ತಿಯನ್ನು ಸಿದ್ಧಪಡಿಸಿದರು. 2013ರಲ್ಲಿ ಪ್ಯಾಟ್ರಿಕ್ ಒಲಿವೆಲ್ ಹೊಸ ಇಂಗ್ಲಿಷ್ ಅನುವಾದ ನೀಡಿದರು. ಇವರೆಲ್ಲ ಮೈಸೂರಿನ ಆವೃತ್ತಿಯಿಂದ ಪಡೆದರು, ಅದರೊಡನೆ ಜಗಳವಾಡಿದರು, ಎಷ್ಟೋ ಕಡೆ ಅದನ್ನು ತಿದ್ದಿದರು. ಕೃತಿಯ ಕಾಲ ಯಾವುದು, ಅದು ಒಬ್ಬನ ರಚನೆಯೇ ಹಲವರದೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಚಂದ್ರಗುಪ್ತನ ಮಂತ್ರಿಯೇ ಕರ್ತೃ ಎಂದು ನಂಬಿದ್ದ ಶಾಸ್ತ್ರಿಗಳ ಅಭಿಪ್ರಾಯವನ್ನು ಅನೇಕರು ಒಪ್ಪಲಿಲ್ಲ.

ಇದರಿಂದ ಶಾಸ್ತ್ರಿಗಳ ಕೀರ್ತಿಗೆ ಕುಂದು ಬಂತೇ? ಬರಲಿಲ್ಲ. ತಮ್ಮನ್ನು ತಿದ್ದುವವರಿಗೆ ಬೇಕಾದ ಸಾಧನಗಳನ್ನು ಅವರೇ ಒದಗಿಸಿಕೊಟ್ಟರು. 1924 ಮತ್ತು 1925ರಲ್ಲಿ ಅವರು ಹೊರತಂದ ಅರ್ಥಶಾಸ್ತ್ರದ ಪದಸೂಚಿ ಅಂಥದು. ಗ್ರಂಥದ ಪ್ರತಿಯೊಂದು ಪದ ಎಲ್ಲೆಲ್ಲಿ ಬರುತ್ತದೆ ಎಂದು ತೋರಿಸುವ ಈ ದುಡಿಮೆಯಲ್ಲಿ ಸ್ವಂತ ವಾದವನ್ನು ಮಂಡಿಸಲು ಅವಕಾಶವಿಲ್ಲ. ಮುಂದೆ ಬರುವ ಸಂಶೋಧಕನ ಸಮಯ ಉಳಿಯುತ್ತದೆ ಎಂಬುದಷ್ಟೇ ಅದರ ಫಲ.

ಗ್ರಂಥಾಲಯದ ಆಚೆಗೂ ಶಾಸ್ತ್ರಿಗಳ ಸೇವೆ ಹಬ್ಬಿತ್ತು. ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರಾಗಿದ್ದು, ಮರಳಿ ಗ್ರಂಥಾಲಯದ ಮುಖ್ಯಸ್ಥರಾಗಿ ಬಂದರು. ಆರ್. ನರಸಿಂಹಾಚಾರ್ಯರ ನಂತರ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾದರು. 1929ರಲ್ಲಿ ನಿವೃತ್ತರಾದರು. ವೇದಕಾಲದ ಕಾಲಗಣನೆ ಮತ್ತು ಗ್ರಹಣಗಳನ್ನು ಕುರಿತು ಅವರು ಬರೆದ ಪುಸ್ತಕಗಳನ್ನು ಇಂದು ಓದುವವರು ವಿರಳ. ಆದರೆ ಕನ್ನಡಕ್ಕೆ ಅವರು ಮಾಡಿದ ಉಪಕಾರ ಮರೆಯುವಂಥದಲ್ಲ. ನಯಸೇನನ ಧರ್ಮಾಮೃತ, ಲಿಂಗಣ್ಣ ಕವಿಯ ಕೆಳದಿನೃಪವಿಜಯ, ಗೋವಿಂದ ವೈದ್ಯನ ಕಂಠೀರವ ನರಸರಾಜ ವಿಜಯ ಇವುಗಳನ್ನು ಹಸ್ತಪ್ರತಿಗಳಿಂದ ಸಂಪಾದಿಸಿ ಪ್ರಾಚ್ಯ ಗ್ರಂಥಾಲಯದ ಕನ್ನಡ ಮಾಲೆಯಲ್ಲಿ ಪ್ರಕಟಿಸಿದವರು ಅವರೇ.

ಕೊನೆಯ ಕೃತಿಗೆ ಪಿರಿಯಾಪಟ್ಟಣದವರ ಮಟ್ಟಿಗೆ ವಿಶೇಷ ಬೆಲೆಯಿದೆ. ಹದಿನೇಳನೆಯ ಶತಮಾನದ ನಡುವೆ ಪಿರಿಯಾಪಟ್ಟಣದ ಕೋಟೆ ಚೆಂಗಾಳ್ವರ ಕೈತಪ್ಪಿ ಮೈಸೂರಿನ ವಶವಾದದ್ದು ಕಂಠೀರವ ನರಸರಾಜನ ಕಾಲದಲ್ಲಿ. ಆ ದೊರೆಯ ಸಮಕಾಲೀನ ಕವಿ ಬರೆದ ಕಾವ್ಯ ಅದು. ಈ ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಬಿ.ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ, ಹುಣಸೂರು, ಎಡತೊರೆ ಮತ್ತು ಹೆಗ್ಗಡದೇವನಕೋಟೆಗಳ ಶಾಸನಗಳಿರುವ ಎಪಿಗ್ರಾಫಿಯ ಕರ್ನಾಟಿಕದ ಸಂಪುಟವನ್ನೂ ಶಾಸ್ತ್ರಿಗಳು ಸಂಪಾದಿಸಿದ ಕಾವ್ಯವನ್ನೂ ಪಕ್ಕದಲ್ಲಿಟ್ಟುಕೊಳ್ಳದೆ ಮುಂದುವರಿಯಲಾರರು.

ಗೌರವಗಳು ತಾವಾಗಿ ಬಂದವು. ಕಲ್ಕತ್ತಾ ವಿಶ್ವವಿದ್ಯಾಲಯ 1921ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಮಹಾಮಹೋಪಾಧ್ಯಾಯ ಬಿರುದು ಸಂದಿತು. ನಾಲ್ವಡಿ ಕೃಷ್ಣರಾಜ ಒಡೆಯರು ಜರ್ಮನಿಗೆ ಹೋದಾಗ ಅಲ್ಲಿನ ವಿದ್ವಾಂಸರು ತಮ್ಮನ್ನು ಶಾಮಾಶಾಸ್ತ್ರಿಗಳ ಊರಿನ ದೊರೆ ಎಂದು ಗುರುತಿಸಿದ್ದನ್ನು ಮರಳಿ ಬಂದು ಹೆಮ್ಮೆಯಿಂದ ಹೇಳಿಕೊಂಡರು ಎಂಬ ಕಥೆ ಮೈಸೂರಿನಲ್ಲಿ ಪ್ರಚಲಿತವಾಗಿದೆ. ಶಾಸ್ತ್ರಿಗಳು 1944ರ ಜನವರಿಯಲ್ಲಿ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು, 1943ರಲ್ಲಿ, ಅವರು ದುಡಿದ ಗ್ರಂಥಾಲಯಕ್ಕೆ ಪ್ರಾಚ್ಯ ವಿದ್ಯಾ ಸಂಶೋಧನಾಲಯವೆಂಬ ಹೊಸ ಹೆಸರು ಬಂದಿತ್ತು.

ಶಾಸ್ತ್ರಿಗಳ ನಿಧನಾನಂತರ ನಮ್ಮ ದೇಶದಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆ ಜಾರಿಗೆ ಬಂತು. ಆಗ ಕರ್ತೃವಿನ ಮರಣದ ನಂತರ ಐವತ್ತು ವರ್ಷ ಹಕ್ಕು ಉಳಿಯುತ್ತಿತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ 1991ರ ಕೊನೆಗೆ ಮುಗಿಯುವ ಸಂದರ್ಭದಲ್ಲಿ ಅದನ್ನು ಅರವತ್ತು ವರ್ಷಕ್ಕೆ ಏರಿಸಲಾಯಿತು. ಅರ್ಥಶಾಸ್ತ್ರದ ಅನುವಾದ ಶಾಸ್ತ್ರಿಗಳ ಸ್ವಂತ ಸ್ವತ್ತೆಂದೇ ಲೆಕ್ಕ ಹಾಕಿದರೂ 2005ರ ಜನವರಿ 1ರಿಂದ ಅದು ಸರ್ವರ ಸ್ವತ್ತಾಗಿದೆ. ಅದಕ್ಕಿಂತ ಉತ್ತಮ ಅನುವಾದಗಳು ಬಂದಿದ್ದರೂ ಇಂದು ಅಂತರ್ಜಾಲದಲ್ಲಿ ಕಾಸು ಕೊಡದೆ ಯಾರು ಬೇಕಾದರೂ ಓದಬಹುದಾದದ್ದು ಮುಖ್ಯವಾಗಿ ಶಾಸ್ತ್ರಿಗಳ ಅನುವಾದವೇ.

ಅವಧಿ ಮುಗಿಯದ ಕೃತಿಗಳ ಗತಿ ಏನು? ಇಲ್ಲಿಯೇ ಕಾಯ್ದೆಯ 52ನೆಯ ಸೆಕ್ಷನ್ ಮುಖ್ಯವಾಗುತ್ತದೆ. ಸಂಶೋಧನೆಯೂ ಸೇರಿದಂತೆ ಖಾಸಗಿ ಬಳಕೆಗೆ, ವಿಮರ್ಶೆಗೆ, ವರ್ತಮಾನದ ವರದಿಗೆ ಕೃತಿಯನ್ನು ನ್ಯಾಯೋಚಿತವಾಗಿ ಬಳಸಿಕೊಂಡರೆ ಅದು ಹಕ್ಕುಚ್ಯುತಿಯಲ್ಲ ಎಂದು ಅದು ಹೇಳುತ್ತದೆ. ಬೋಧನೆಯ ಸಂದರ್ಭದಲ್ಲಿ ಅಧ್ಯಾಪಕನಾಗಲಿ ವಿದ್ಯಾರ್ಥಿಯಾಗಲಿ ಮಾಡಿಕೊಳ್ಳುವ ಪ್ರತಿಗೂ ವಿನಾಯಿತಿ ಇದೆ. ಸಾರ್ವಜನಿಕರಿಗೆ ಪ್ರವೇಶವಿರುವ ಗ್ರಂಥಾಲಯದಲ್ಲಿ ಇರಿಸಿದ ಅಪ್ರಕಟಿತ ಕೃತಿಯನ್ನು ಅಧ್ಯಯನಕ್ಕಾಗಲಿ ಪ್ರಕಟಣೆಗಾಗಲಿ ಪ್ರತಿ ಮಾಡಿಕೊಳ್ಳಲೂ ಅವಕಾಶವಿದೆ. ಕರ್ತೃ ಯಾರೆಂದು ತಿಳಿದಿದ್ದರೆ ಅವನ ಮರಣಾನಂತರ ಅರವತ್ತು ವರ್ಷ ಕಳೆದಿರಬೇಕು. ಶಾಸ್ತ್ರಿಗಳು 1905ರಲ್ಲಿ ಮಾಡಿದ ಕೆಲಸವನ್ನೇ ಕಣ್ಣೆದುರಿಗೆ ಇಟ್ಟುಕೊಂಡು ಬರೆದಂತಿದೆ ಈ ಕೊನೆಯ ಮಾತು.

ಈ ವಿನಾಯಿತಿಗಳ ಬಲ ನ್ಯಾಯಾಲಯದಲ್ಲಿ ಪರೀಕ್ಷೆಗೊಳಗಾದದ್ದು ದೆಹಲಿ ವಿಶ್ವವಿದ್ಯಾಲಯದ ಆವರಣದ ಒಂದು ಜೆರಾಕ್ಸ್ ಅಂಗಡಿಯಿಂದ. ಪಠ್ಯಕ್ರಮದಲ್ಲಿ ಸೂಚಿಸಿದ ಅಧ್ಯಾಯಗಳನ್ನು ಹಲವು ಪುಸ್ತಕಗಳಿಂದ ತೆಗೆದು ಒಟ್ಟಾಗಿ ಹೊಲಿದು ವಿದ್ಯಾರ್ಥಿಗಳಿಗೆ ಮಾರುತ್ತಿದ್ದ ರಾಮೇಶ್ವರಿ ಫೋಟೊಕಾಪಿ ಅಂಗಡಿ ಮತ್ತು ವಿಶ್ವವಿದ್ಯಾಲಯದ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು 2012ರಲ್ಲಿ ದಾವೆ ಹೂಡಿದವು. 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ದಾವೆಯನ್ನು ವಜಾ ಮಾಡಿತು. ಅದೇ ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠ, ಬೋಧನೆಯ ಉದ್ದೇಶಕ್ಕೆ ಅಗತ್ಯವಿರುವಷ್ಟನ್ನು ಬಳಸಿಕೊಳ್ಳಬಹುದೆಂಬ ತತ್ವವನ್ನು ಎತ್ತಿಹಿಡಿಯಿತು. 2017ರಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲು ಒಪ್ಪಲಿಲ್ಲ.

ಇದನ್ನು ಕಳ್ಳ ಮುದ್ರಣಕ್ಕೆ ಸಿಕ್ಕ ಪರವಾನಗಿಯೆಂದು ತಿಳಿಯಬಾರದು. ಕನ್ನಡ ಲೇಖಕನಿಗೆ ದೊರೆಯುವ ಗೌರವಧನ ಮೊದಲೇ ಅಲ್ಪ. ಕಾದಂಬರಿಯೊಂದನ್ನು ಇಡಿಯಾಗಿ ಸ್ಕ್ಯಾನ್ ಮಾಡಿ ಹಂಚುವವನು ಅಧ್ಯಯನ ಮಾಡುತ್ತಿಲ್ಲ, ಲೇಖಕನ ಮತ್ತು ಸಣ್ಣ ಪ್ರಕಾಶಕನ ಅನ್ನಕ್ಕೆ ಕೈ ಹಾಕುತ್ತಿದ್ದಾನೆ. ಮೂಲದ ಹೆಸರು ಹೇಳದೆ ಪುಟಗಟ್ಟಲೆ ಎತ್ತುವ ಪ್ರಬಂಧಕಾರನೂ ನ್ಯಾಯೋಚಿತ ಬಳಕೆಯ ನೆರಳಿನಲ್ಲಿ ನಿಲ್ಲಲಾರ. ಉದ್ದೇಶವೇನು, ಎಷ್ಟನ್ನು ತೆಗೆದುಕೊಂಡದ್ದು, ಅದರಿಂದ ಮೂಲ ಕೃತಿಯ ಮಾರಾಟಕ್ಕೆ ಪೆಟ್ಟು ಬೀಳುವುದೇ ಎಂದು ಕೇಳಿಕೊಂಡರೆ ಗೆರೆ ಎಲ್ಲಿದೆ ಎಂಬುದು ಬಹುಪಾಲು ಸಂದರ್ಭಗಳಲ್ಲಿ ತಾನಾಗಿ ಗೋಚರಿಸುತ್ತದೆ.

ಆದರೆ ಶಾಸ್ತ್ರಿಗಳ ಜೀವನ ತೋರಿಸುವ ಅಪಾಯ ಇನ್ನೊಂದಿದೆ. ಅರ್ಥಶಾಸ್ತ್ರಕ್ಕೆ ಎಂದೂ ಹಕ್ಕುಸ್ವಾಮ್ಯವಿರಲಿಲ್ಲ. ಆದರೂ ಶತಮಾನಗಳ ಕಾಲ ಅದು ಲೋಕಕ್ಕೆ ದೊರೆಯಲಿಲ್ಲ. ಅದನ್ನು ತಡೆದದ್ದು ಕಾನೂನಲ್ಲ, ಪ್ರತಿ ಯಾರ ಬಳಿ ಇತ್ತು ಎಂಬ ಸಂಗತಿ. ಈ ಬಗೆಯ ಬೀಗ ಇಂದಿಗೂ ಬಾಗಿಲಿನಲ್ಲಿದೆ. ಕರ್ತೃ ಸತ್ತು ಐದು ಶತಮಾನ ಕಳೆದ ಹಸ್ತಪ್ರತಿಯ ನಾಲ್ಕು ಪುಟಗಳ ಛಾಯಾಪ್ರತಿಗಾಗಿ ಅರ್ಜಿ, ಶಿಫಾರಸು ಪತ್ರ, ಮುಚ್ಚಳಿಕೆ ಎಂದು ಅಲೆಯುವ ಸಂಶೋಧಕರ ಅನುಭವ ಅಪರೂಪದ್ದಲ್ಲ. ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸಂರಕ್ಷಣೆಗೆಂದು ಜ್ಞಾನ ಭಾರತಂ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಬಜೆಟ್‌ನಲ್ಲಿ ಪ್ರಕಟಿಸಿತು. ಸ್ವಾಗತಾರ್ಹವೇ. ಆದರೆ ಅಟ್ಟದ ಮೇಲಿನ ಕಟ್ಟನ್ನು ಗುಪ್ತಪದವಿರುವ ಗಣಕಕ್ಕೆ ವರ್ಗಾಯಿಸಿದರೆ ಸಂರಕ್ಷಣೆ ಅರ್ಧದಷ್ಟೇ ಆದೀತು. ಸಾರ್ವಜನಿಕ ಹಣದಲ್ಲಿ ತೆಗೆದ ಪ್ರತಿಯೊಂದು ಛಾಯಾಚಿತ್ರವೂ ಸಾರ್ವಜನಿಕರಿಗೆ ದೊರೆಯಬೇಕೆಂಬ ನಿಯಮವನ್ನು ಆರಂಭದಲ್ಲೇ ಮಾಡುವುದು ಒಳಿತು.

ಪಿರಿಯಾಪಟ್ಟಣದ ಕಾಲೇಜಿನ ಹುಡುಗಿಯೊಬ್ಬಳು ತನ್ನೂರಿನ ಚೆಂಗಾಳ್ವರ ಬಗ್ಗೆ ಬರೆಯಲು ಕುಳಿತಳು ಎನ್ನೋಣ. ರೈಸ್ ಅವರ ಸಂಪುಟ ಅವಳಿಗೆ ಮುಕ್ತ. ಮೈಸೂರು ವಿಶ್ವವಿದ್ಯಾಲಯ 1970ರ ದಶಕದಿಂದ ಹೊರತಂದ ಪರಿಷ್ಕೃತ ಸಂಪುಟಗಳ ಹಕ್ಕಿನ ಅವಧಿ ಇನ್ನೂ ಮುಗಿದಿಲ್ಲ. ಆದರೂ ತನಗೆ ಬೇಕಾದ ಶಾಸನದ ಪುಟಗಳನ್ನು ಪ್ರತಿ ಮಾಡಿಕೊಳ್ಳಲು, ಅದರ ಸಾಲುಗಳನ್ನು ಉದ್ಧರಿಸಲು, ಸಂಪಾದಕರು ಎಡವಿದ್ದಾರೆ ಎನಿಸಿದರೆ ಹಾಗೆಂದು ಬರೆಯಲು ಅವಳಿಗೆ ಹಕ್ಕಿದೆ. ಅದು ಗ್ರಂಥಪಾಲಕರ ದಾಕ್ಷಿಣ್ಯವಲ್ಲ, ಪ್ರಕಾಶಕರ ಔದಾರ್ಯವೂ ಅಲ್ಲ. ಈ ನೆಲದ ಕಾನೂನು ಕೊಟ್ಟ ಹಕ್ಕು. ಇದನ್ನು ನಮ್ಮ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳಿಗೆ ತಿಳಿಸಿ ಹೇಳಬೇಕು, ಗ್ರಂಥಾಲಯಗಳು ಓದುಗರಿಗೆ ಕಾಣುವಂತೆ ಬರೆದು ಹಾಕಬೇಕು. ರುದ್ರಪಟ್ಟಣದ ಶಾಸ್ತ್ರಿಗಳಿಗೂ ಹೆಸರಿಲ್ಲದ ಆ ತಂಜಾವೂರಿನ ಪಂಡಿತರಿಗೂ ನಾವು ಸಲ್ಲಿಸಬಹುದಾದ ಗೌರವ ಅದು.